ಅರ್ಧ ಎಂಎಲ್ ಹಾಲಿನ ಕೆಲಸ

"ಇಷ್ಟು ಹಾಲು ಯಾವ ಮೂಲೆಗೆ ಸಾಲುತ್ತೆ ಸಿಸ್ಟರ್?" ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಅಜ್ಜಿಯಂದಿರು ನನ್ನನ್ನು ಹಿಡಿದು ಕೇಳುವ ಪ್ರಶ್ನೆ ಇದು. ಏಳು ತಿಂಗಳಿಗೇ ಹುಟ್ಟಿದ ಮಗುವಿಗೆ ಮೊದಲ ದಿನಗಳಲ್ಲಿ ಒಂದು ಸಲಕ್ಕೆ ಅರ್ಧ, ಒಂದು ಎಂಎಲ್ ಹಾಲು. ನೋಡಿದವರಿಗೆ ಸಂಕಟ ಆಗದೆ ಇರುತ್ತಾ?

ಆ ಹಾಲು ಹೊಟ್ಟೆ ತುಂಬಿಸೋಕಲ್ಲ ಅಜ್ಜಿ, ಕರುಳನ್ನು ಎಬ್ಬಿಸೋಕೆ ಅಂತ ಹೇಳುತ್ತೇನೆ. ಮಗುವಿಗೆ ಬೇಕಾದ ಶಕ್ತಿ ಆಗ ಡ್ರಿಪ್‌ನಲ್ಲೇ ಹೋಗುತ್ತಿರುತ್ತದೆ. ಆದರೆ ರಕ್ತನಾಳಕ್ಕೆ ಎಷ್ಟು ಗ್ಲೂಕೋಸ್ ಕೊಟ್ಟರೂ ಕರುಳಿಗೆ ಸುದ್ದಿ ಮುಟ್ಟುವುದಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ಏನ್‌ಸ್ಲಿ-ಗ್ರೀನ್, ಲ್ಯೂಕಾಸ್, ಬ್ಲೂಮ್ ಎಂಬ ವೈದ್ಯರು ಇಂಥ ಮಕ್ಕಳ ರಕ್ತ ಪರೀಕ್ಷಿಸಿ ನೋಡಿದರು. ಬಾಯಿಂದ ಏನೂ ಹೋಗದ ಮಕ್ಕಳಲ್ಲಿ ಕರುಳಿನ ಹಾರ್ಮೋನುಗಳು ಏರಲೇ ಇಲ್ಲ. ಚೂರೇ ಚೂರು ಹಾಲು ಹೋದವರಲ್ಲಿ ಚೆನ್ನಾಗಿ ಏರಿದ್ದವು. ಅವುಗಳಲ್ಲಿ ಗ್ಯಾಸ್ಟ್ರಿನ್ ಹೊಟ್ಟೆಯ ಒಳಪದರ ಬೆಳೆಯಲು ಬೇಕು. ಮೋಟಿಲಿನ್ ಕರುಳನ್ನು ಅಲುಗಾಡಿಸುತ್ತದೆ. ಜಿಐಪಿ ಅನ್ನುವುದು ಹಾಲು ಬಂತು, ಇನ್ಸುಲಿನ್ ಬಿಡು ಅಂತ ಮೇದೋಜೀರಕ ಗ್ರಂಥಿಗೆ ಹೇಳುತ್ತದೆ.

ಹಾಲು ಕೊಡುವ ರೀತಿಯಲ್ಲೂ ವ್ಯತ್ಯಾಸ ಇದೆ. ಮಗುವಿನ ಹೊಟ್ಟೆಗೆ ಇಳಿಬಿಟ್ಟ ಸಣ್ಣ ಟ್ಯೂಬಿಗೆ ಪಂಪ್ ಹಾಕಿಟ್ಟರೆ ದಿನವಿಡೀ ಹನಿಹನಿಯಾಗಿ ಹೋಗುತ್ತದೆ. ಇಲ್ಲವೇ ಎರಡು ಗಂಟೆಗೊಮ್ಮೆ ಅದೇ ಟ್ಯೂಬಿಗೆ ಸಿರಿಂಜಿನಲ್ಲಿ ಕೊಡಬಹುದು. ಅದೇ ಏನ್‌ಸ್ಲಿ-ಗ್ರೀನ್ ತಂಡ 1982ರಲ್ಲಿ ಎರಡನ್ನೂ ಹೋಲಿಸಿತು. ಬಿಟ್ಟು ಬಿಟ್ಟು ಕೊಟ್ಟ ಮಕ್ಕಳಲ್ಲಿ ಪ್ರತಿ ಸಲವೂ ಹಾರ್ಮೋನು ಏರಿ ಇಳಿಯುತ್ತಿತ್ತು, ನಾವು ಊಟ ಮಾಡಿದಾಗ ಆಗುವ ಹಾಗೆ. ಹನಿಹನಿ ಹೋದವರಲ್ಲಿ ಆ ಏರಿಳಿತ ಕಾಣಲಿಲ್ಲ. ಹಾಗಂತ ಪಂಪ್ ಕೆಟ್ಟದ್ದು ಅನ್ನಲಾರೆ. ತೂಕ ಏರುವುದರಲ್ಲಿ ಎರಡಕ್ಕೂ ಅಂಥ ದೊಡ್ಡ ಅಂತರ ಕಂಡಿಲ್ಲ. ಪದೇ ಪದೇ ಕಕ್ಕುವ ಮಗುವಿಗೆ ಡಾಕ್ಟರು ಪಂಪ್ ಬರೆದರೆ ಅದಕ್ಕೊಂದು ಕಾರಣ ಇರುತ್ತದೆ.

ನನಗಂತೂ ಸಿರಿಂಜೇ ಇಷ್ಟ. ಪಂಪಿನ ಉದ್ದ ಟ್ಯೂಬಿನ ಗೋಡೆಗೆ ಹಾಲಿನ ಜಿಡ್ಡು ಅಂಟಿ ಉಳಿಯುತ್ತದೆ. ಅಷ್ಟು ಕೊಬ್ಬು ಮಗುವಿಗೆ ನಷ್ಟ ತಾನೆ? ಸಿರಿಂಜಿನ ಒಳಗಿನ ಕಡ್ಡಿ ತೆಗೆದು, ಬರೀ ಕೊಳವೆಗೆ ಹಾಲು ಸುರಿದು, ಮಗುವಿಗಿಂತ ಒಂದು ಗೇಣು ಮೇಲೆ ಹಿಡಿಯುತ್ತೇವೆ. ತಳ್ಳಬಾರದು. ಹಾಲು ತಾನಾಗಿ ಇಳಿಯಬೇಕು. ಕೆಲವೊಮ್ಮೆ ಇಳಿಯುವುದೇ ಇಲ್ಲ, ಕೊಳವೆಯಲ್ಲಿ ಸುಮ್ನೆ ನಿಂತುಬಿಡುತ್ತದೆ. ಮಗು ಒಮ್ಮೆ ಮುಲುಗಿದರೆ ಮೇಲಕ್ಕೂ ಬರುತ್ತದೆ. ಕೈ ನೋಯುತ್ತದೆ, ಪಕ್ಕದ ಮಾನಿಟರ್ ಕೂಗುತ್ತದೆ, ಆದರೂ ಕಾಯಬೇಕು. ಆ ಹೊತ್ತಿಗೆ ಅಮ್ಮ ಬಂದಿದ್ದರೆ ಮಗುವನ್ನು ಅವರ ಎದೆಗೆ ಒರಗಿಸುತ್ತೇವೆ.

ಚೀಪಿ, ನುಂಗಿ, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು ಗರ್ಭದ ದಿನವೂ ಸೇರಿ ಲೆಕ್ಕ ಹಾಕಿದರೆ ಸುಮಾರು 34 ವಾರಕ್ಕೆ. ಆಗ ಒಳಲೆ, ಅಂದರೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು, ಬರುತ್ತದೆ. ಇಲ್ಲಿ ಅಜ್ಜಿಯಂದಿರೇ ನಮಗಿಂತ ಜಾಣರು ಅಂದುಕೊಳ್ಳುತ್ತೇನೆ, ಆದರೆ ಒಂದು ಜಗಳ ಮಾತ್ರ ತಪ್ಪಿದ್ದಲ್ಲ. ಮಗುವನ್ನು ಅಂಗಾತ ಮಲಗಿಸಿ ಬಾಯಿಗೆ ಸುರಿಯಬೇಡಿ. ತಲೆ ಎತ್ತಿ ಹಿಡಿದು, ಒಳಲೆಯ ಮೂತಿ ಕೆಳದುಟಿಗೆ ತಾಗಿಸಿ, ಅದು ನುಂಗಿದ ಮೇಲೆಯೇ ಮುಂದಿನ ಗುಟುಕು ಕೊಡಿ.