ಮನೋರೋಗಕ್ಕೂ ಸೋಂಕಿಗೂ ಒಂದೇ ಮೇಜಿನ ಮೇಲೆ ಔಷಧವೇ?

ಔಷಧ ರಸಾಯನಶಾಸ್ತ್ರ ನನ್ನ ವೃತ್ತಿ ಎಂದು ತಿಳಿದವರು ತಪ್ಪದೆ ಕೇಳುವುದು ಇದನ್ನೇ: ಸ್ಕಿಜೋಫ್ರೇನಿಯಾ ಮಿದುಳಿಗೆ ಸಂಬಂಧಿಸಿದ್ದು, ಕ್ಷಯ ರೋಗಾಣುವಿನಿಂದ ಬರುವಂಥದ್ದು. ಎರಡಕ್ಕೂ ಔಷಧ ಹುಡುಕುವ ಕೆಲಸ ಒಂದೇ ಕಡೆ ನಡೆಯುವುದು ಹೇಗೆ?

ಒಂದು ನೀಲಿ ಬಣ್ಣದಿಂದಲೇ ಉತ್ತರವನ್ನು ಶುರು ಮಾಡಬೇಕು. ಮೆಥಿಲೀನ್ ಬ್ಲೂ 1876ರಲ್ಲಿ ಜರ್ಮನಿಯಲ್ಲಿ ತಯಾರಾದದ್ದು ಬಟ್ಟೆಗೆ ಬಣ್ಣ ಹಾಕಲು. ಮಲೇರಿಯಾದ ಪರೋಪಜೀವಿಗೆ ಆ ಬಣ್ಣ ಚೆನ್ನಾಗಿ ಹಿಡಿಯುತ್ತಿತ್ತು. ಹಾಗೆ ಹಿಡಿಯುವ ವಸ್ತು ಅದನ್ನು ಕೊಲ್ಲಲೂಬಹುದು ಎಂದು ಎಣಿಸಿದ ಜರ್ಮನ್ ವೈದ್ಯವಿಜ್ಞಾನಿ ಪಾಲ್ ಎರ್ಲಿಶ್, 1891ರಲ್ಲಿ ಇಬ್ಬರು ರೋಗಿಗಳಿಗೆ ಅದನ್ನೇ ಕೊಟ್ಟರು. ಇಬ್ಬರೂ ಚೇತರಿಸಿಕೊಂಡರು.

ಆ ಬಣ್ಣದ ಒಡಲಲ್ಲಿ ಮೂರು ಉಂಗುರಗಳ ಚೌಕಟ್ಟಿದೆ. ನಡುವಿನ ಉಂಗುರದಲ್ಲಿ ಒಂದು ಕಡೆ ಗಂಧಕ, ಅದರ ಎದುರಿಗೆ ಸಾರಜನಕ. ಇದರ ಹೆಸರು ಫಿನೋಥಯಜೀನ್. 1950ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ರೋನ್-ಪೂಲಾಂಕ್ ಕಂಪನಿಯಲ್ಲಿ ಪಾಲ್ ಶಾರ್ಪಾಂತಿಯೆ ಇದೇ ಚೌಕಟ್ಟಿನ ಮೇಲೆ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಕಟ್ಟಿದರು. ಸಾರಜನಕಕ್ಕೆ ಮೂರು ಇಂಗಾಲಗಳ ಬಾಲ, ಬಾಲದ ತುದಿಗೆ ಇನ್ನೊಂದು ಸಾರಜನಕ, ಪಕ್ಕದ ಉಂಗುರದಲ್ಲಿ ಒಂದೇ ಒಂದು ಕ್ಲೋರಿನ್. ಆ ಕ್ಲೋರಿನ್ ಇಲ್ಲದಿದ್ದರೆ ಉಳಿಯುವುದು ಪ್ರೊಮಜೀನ್, ಮನೋರೋಗದ ಮುಂದೆ ತೀರ ದುರ್ಬಲ. ಕ್ಲೋರಿನ್ ಇದ್ದರೆ ಬಾಲ ಅದರತ್ತ ವಾಲುತ್ತದೆ, ಅಣುವಿನ ಒಂದು ಭಾಗ ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ನನ್ನು ಹೋಲತೊಡಗುತ್ತದೆ, ಡೋಪಮಿನ್ ಬಂದು ಕೂರುವ ತಾಣವಾದ ಗ್ರಾಹಕದಲ್ಲಿ ಅದರ ಜಾಗವನ್ನು ಹಿಡಿದು ಕೂರುತ್ತದೆ. 1952ರಲ್ಲಿ ಪ್ಯಾರಿಸ್‌ನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಝಾನ್ ದಲೇ ಮತ್ತು ಪಿಯರ್ ದೆನಿಕೆರ್ ಅದನ್ನು ಮನೋರೋಗಿಗಳಿಗೆ ಕೊಟ್ಟ ಮೇಲೆ ಮನೋವೈದ್ಯದ ದಿಕ್ಕೇ ಬದಲಾಯಿತು. ಈ ರಚನೆಯನ್ನು ಹಲಗೆಯ ಮೇಲೆ ಬರೆಯುವಾಗ ಕ್ಲೋರಿನ್ ಬಂದಲ್ಲಿ ನನ್ನ ಕೈ ಇಂದಿಗೂ ಒಂದು ಕ್ಷಣ ನಿಲ್ಲುತ್ತದೆ.

ಅದೇ ಮನೆತನದ ಥಯೋರಿಡಜೀನ್ ಕೂಡ ಮನೋರೋಗದ ಔಷಧವೇ. ಆದರೆ ಕ್ಷಯದ ಬ್ಯಾಕ್ಟೀರಿಯಾವನ್ನು, ಬೇರೆ ಔಷಧಗಳಿಗೆ ಜಗ್ಗದ ತಳಿಗಳನ್ನು ಸಹ, ಅದು ಪ್ರಯೋಗಾಲಯದಲ್ಲಿ ಕೊಲ್ಲುತ್ತದೆ. ತೊಂದರೆ ಹೃದಯದ್ದು: ಬಡಿತದ ಲಯವನ್ನು ಅದು ಅಪಾಯಕಾರಿಯಾಗಿ ಕೆಡಿಸಬಲ್ಲದು. 2005ರಲ್ಲಿ ಮೂಲ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು.

ನನ್ನಂಥವರ ಕೆಲಸ ಇಲ್ಲಿಂದ ಮುಂದಿನದು. ಮನೋರೋಗದ ಔಷಧ ರಕ್ತದಿಂದ ಮಿದುಳಿಗೆ ದಾಟಲೇಬೇಕು. ಶ್ವಾಸಕೋಶದ ಕ್ಷಯದ ಔಷಧ ದಾಟದಿದ್ದರೇ ಒಳ್ಳೆಯದು. ಬಾಲದ ತುದಿಯ ಸಾರಜನಕಕ್ಕೆ ಕಾಯಂ ಧನ ವಿದ್ಯುದಂಶ ಬರುವಂತೆ ಮಾಡಿದರೆ ಅಣು ಮಿದುಳಿನ ಹೊಸ್ತಿಲಲ್ಲೇ ನಿಲ್ಲುತ್ತದೆ. ಆದರೆ ಅದೇ ಅಣು ಕ್ಷಯದ ಬ್ಯಾಕ್ಟೀರಿಯಾದ ಮೇಣದಂಥ ಗೋಡೆಯನ್ನು ದಾಟಬೇಕಲ್ಲ? ಹೃದಯವನ್ನೂ ಮುಟ್ಟಬಾರದಲ್ಲ? ಅಣುವಿನ ಒಂದು ಪರಮಾಣು ಗುಂಪನ್ನು ಬದಲಿಸಿ, ಮೂರನ್ನೂ ಅಳೆದು, ಮತ್ತೆ ಬದಲಿಸುವುದರಲ್ಲೇ ನಮ್ಮ ವರ್ಷಗಳು ಕಳೆಯುತ್ತವೆ.