ತತ್ತಿ ಅದಾವ್ರೀ, ಇಳೀಬ್ಯಾಡ್ರಿ

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿದೆ. "ತತ್ತಿ ಅದಾವ್ರೀ ಸರ, ಇಳೀಬ್ಯಾಡ್ರಿ."

ಕೊಪ್ಪಳ ಕಡೆಯ ತುಂಗಭದ್ರಾ ಹಿನ್ನೀರು. ಬೇಸಿಗೆಗೆ ನೀರು ಇಳಿದಂತೆ ಅಲ್ಲಲ್ಲಿ ದಿನ್ನೆಗಳು ಮೇಲೇಳುತ್ತವೆ. ಅಂಥ ಒಂದು ನಡುಗಡ್ಡೆಗೆ ಗೆಳೆಯನೂ ನಾನೂ ತೆಪ್ಪದಲ್ಲಿ ಹೋಗಿದ್ದೆವು. ದಡ ಇನ್ನೂ ದೂರವಿರುವಾಗಲೇ ತೆಪ್ಪದ ಕಾಕಾ ಹುಟ್ಟು ಹಾಕುವುದನ್ನು ನಿಲ್ಲಿಸಿಬಿಟ್ಟರು.

"ಐದೇ ನಿಮಿಷ ಕಾಕಾ, ಫೋಟೋ ಹೊಡ್ಕೊಂಡು ಬರ್ತೀನಿ. ರೊಕ್ಕ ಜಾಸ್ತಿ ಕೊಡ್ತೀನಿ" ಎಂದ ಗೆಳೆಯ. ಕಾಕಾ ಸಿಟ್ಟಾಗಲಿಲ್ಲ, ಅದೇ ಮಾತು ಇನ್ನೊಮ್ಮೆ ಹೇಳಿದರು. ರೊಕ್ಕದ ಮಾತು ಎತ್ತಿದ್ದು ನನಗೆ ಈಗಲೂ ಚುಚ್ಚುತ್ತದೆ. ಗೆಳೆಯ ಕೆಟ್ಟವನಲ್ಲ. ಆದರೆ ಹಕ್ಕಿಗಿಂತ ಹಕ್ಕಿಯ ಫೋಟೋ ಮೇಲೆ ಅವನಿಗೆ ಪ್ರೀತಿ ಜಾಸ್ತಿ.

ಅಲ್ಲಿದ್ದದ್ದು ನದಿ ರೀವ. ಕಡಲಹಕ್ಕಿಗಳ ಬಳಗದ್ದು, ಆದರೆ ಬಾಳುವುದು ಹೊಳೆ, ಕೆರೆಗಳಲ್ಲಿ. ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲ. ಒಂದು ಎದ್ದು ಹೋದಾಗ ದುರ್ಬೀನಿನಲ್ಲಿ ನೋಡಿದೆ. ಗೂಡು ಅಂತ ಏನೂ ಇಲ್ಲ. ಬರೀ ನೆಲದಲ್ಲಿ ಅಂಗೈಯಷ್ಟು ತಗ್ಗು, ಅದರಲ್ಲಿ ಕಲ್ಲಿನ ಬಣ್ಣದ ಎರಡು ತತ್ತಿ, ಮೇಲೆ ಕಂದು ಮಚ್ಚೆ. ತುಳಿದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಹಕ್ಕಿ ನೀರಿಗಿಳಿದು ಹೊಟ್ಟೆಯ ಪುಕ್ಕ ತೋಯಿಸಿಕೊಂಡು ವಾಪಸ್ ಬಂದು ಕೂತಿತು. ನಮ್ಮ ಬಿಸಿಲಿಗೆ ತತ್ತಿಯನ್ನು ತಂಪು ಮಾಡಬೇಕಲ್ವಾ? ಜನ ಇಳಿದು ಅದನ್ನು ಸ್ವಲ್ಪ ಹೊತ್ತು ಎಬ್ಬಿಸಿದರೂ ಸಾಕು, ಒಳಗಿನ ಜೀವ ಬೆಂದು ಹೋಗಬಹುದು. ನಾಯಿ, ಕಾಗೆಗಳ ಕಾಟ ಬೇರೆ.

ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಮೀಸಲಿಟ್ಟರು. ಮೇಲೆ ಹಿನ್ನೀರಿನಲ್ಲಿರುವ ನಾಲ್ಕು ದಿನ್ನೆಗಳನ್ನು ಬೇಸಿಗೆ ಮುಗಿಯುವ ತನಕ ಈ ಹಕ್ಕಿಗಳಿಗೆ ಬಿಡಲು ಏನು ಕಷ್ಟ? ಬೇಲಿ ಬೇಡ, ಕಟ್ಟಡ ಬೇಡ. ಯಾರೂ ಇಳಿಯದಿದ್ದರೆ ಆಯಿತು. ನಾಯಿಯನ್ನು ಕರೆದುಕೊಂಡು ಹೋಗಿ ಅಲ್ಲಿ ಒಲೆ ಹೂಡುವವರಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕು.

ವಾಪಸ್ ಬರುವಾಗ ಕಾಕಾ ತಾವಾಗಿಯೇ ಅಂದರು: "ಅದು ನಮ್ಮ ಅಜ್ಜನ ಹೊಲದ ದಿನ್ನಿ ರೀ. ಡ್ಯಾಮ್ ಕಟ್ಟಿದಾಗ ಮುಳುಗಿತ್ತು. ಬ್ಯಾಸಗ್ಯಾಗ ಒಮ್ಮೆ ಮ್ಯಾಲ ಬರ್ತೈತಿ."

ನೆಲ ಕಳಕೊಂಡ ಮನೆಯವರು. ಅದು ಮೇಲೆದ್ದಾಗ ತಾವೂ ಕಾಲಿಡುವುದಿಲ್ಲ. ನಾನು ಏನೂ ಮಾತಾಡಲಿಲ್ಲ.

ನಿನ್ನೆ ಫೋನ್ ಮಾಡಿ ಕೇಳಿದೆ, ಮರಿ ಹೊರಬಂದವಾ ಅಂತ.

"ಇನ್ನೂ ಕುಂತೈತ್ರೀ" ಅಂದರು.