ಸೂಪರ್‌ಚಾರ್ಜರ್ ಹಾಕಿಸಬೇಕು, ಯಾರನ್ನು ನಂಬೋದು?

ನನ್ನ ಟೊಯೋಟಾ ಜಿಟಿ86 ಕಾರಿನ ಬಾನೆಟ್ ಎತ್ತಿದ ಕಡೆಯೆಲ್ಲ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು, "ಎಷ್ಟು ಹಾರ್ಸ್‌ಪವರ್ ಏರಿತು?" ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: "ನಂಬಬಹುದಾದ ಟ್ಯೂನರ್ ಯಾರಾದ್ರೂ ಇದ್ದಾರಾ? ಕಿಟ್ ಎಲ್ಲಿಂದ ತರಿಸಲಿ?" ಟ್ಯೂನರ್ ಅಂದರೆ ಇಸಿಯು ಎಂಬ ಎಂಜಿನ್ನಿನ ಕಂಪ್ಯೂಟರಿನಲ್ಲಿ ಪೆಟ್ರೋಲ್, ಕಿಡಿಯ ಲೆಕ್ಕ ಹೊಂದಿಸಿ ಕೊಡುವವರು; ಕಿಟ್ ಅಂದರೆ ಸೂಪರ್‌ಚಾರ್ಜರ್, ಅದನ್ನು ಕೂರಿಸುವ ಬಿಡಿಭಾಗಗಳು. ಹೀಗೆ ಕೇಳುವ ಹೊತ್ತಿಗೆ ಅರ್ಧ ಜನ ಕಿಟ್ಟಿಗೆ ಮುಂಗಡ ಕೊಟ್ಟು ಆಗಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಟ್ಯೂನರ್ ಮೊದಲು, ಕಿಟ್ ಆಮೇಲೆ. ನಾನೂ ಉಲ್ಟಾ ಮಾಡಿದವನೇ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಲು ಬೆಲ್ಟಿನಿಂದ ತಿರುಗುವ ಗಾಳಿ ಪಂಪು, ಅಷ್ಟೇ. ಟರ್ಬೊ ಸೈಲೆನ್ಸರಿಗೆ ಹೋಗುವ ಬಿಸಿಗಾಳಿಯಿಂದ ತಿರುಗುತ್ತದೆ, ಇದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ನಿಂದಲೇ ಶಕ್ತಿ ಕಿತ್ತುಕೊಂಡು ತಿರುಗುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದರ ಮೇಲೆ 7 ಪಿಎಸ್‌ಐ ಬೂಸ್ಟ್, ಅಂದರೆ ಹೆಚ್ಚುವರಿ ಒತ್ತಡ, ಕೊಟ್ಟರೆ ಲೆಕ್ಕದ ಪ್ರಕಾರ ಸಿಲಿಂಡರಿನೊಳಗೆ ಸುಮಾರು ಒಂದೂವರೆ ಪಟ್ಟು ಗಾಳಿ ಹೋಗಬೇಕು. ಹೋಗುವುದಿಲ್ಲ. ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಒತ್ತಿದ ಗಾಳಿ ಸುಡುತ್ತದೆ. 30 ಡಿಗ್ರಿಯಲ್ಲಿ ಒಳಗೆ ಹೋದ ಗಾಳಿ ಈ ಒತ್ತಡಕ್ಕೇ 80 ಡಿಗ್ರಿ ದಾಟಿ ಹೊರಬರಬಹುದು. ಬಿಸಿಯಾದ ಗಾಳಿ ತೆಳುವಾಗುತ್ತದೆ, ಜೊತೆಗೆ ನಾಕ್ ಅನ್ನೋ ಶನಿಯನ್ನೂ ಕರೆತರುತ್ತದೆ: ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ತಲುಪುವ ಮುಂಚೆಯೇ ಮೂಲೆಯ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು. ಅದಕ್ಕೆ ಗಾಳಿ ತಣಿಸುವ ಇಂಟರ್‌ಕೂಲರ್ ಬೇಕು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ದೊಡ್ಡದು ಬೇಕು, ಬೂಸ್ಟ್ ಏರಿದಂತೆ ಕಿಡಿಯ ಟೈಮಿಂಗನ್ನು ಹಿಂದಕ್ಕೆ ಎಳೆಯಬೇಕು. ನನ್ನ ಕಾರಿನ ಎಂಜಿನ್ನಿನ ಕಂಪ್ರೆಷನ್ ಅನುಪಾತ ಮೊದಲೇ 12.5:1, ಅಂದರೆ ಸಿಲಿಂಡರಿನ ಮಿಶ್ರಣವನ್ನು ಹನ್ನೆರಡೂವರೆಯಲ್ಲಿ ಒಂದು ಪಾಲು ಜಾಗಕ್ಕೆ ಒತ್ತುತ್ತದೆ. ಬೂಸ್ಟ್ ಇಲ್ಲದೆ ಓಡಲೆಂದು ಕಟ್ಟಿದ ಎಂಜಿನ್ ಅದು. ಇಂಥದ್ದರಲ್ಲಿ ಟ್ಯೂನರ್ ಎರಡು ಡಿಗ್ರಿ ಟೈಮಿಂಗ್ ತಪ್ಪಿದರೂ ಪಿಸ್ಟನ್ ಕ್ಷಮಿಸುವುದಿಲ್ಲ.

ನನ್ನ ಮೊದಲ ಟ್ಯೂನರ್ ಕ್ಷಮಿಸಿದ್ದ, ತನ್ನನ್ನು ತಾನೇ. ಕಾರು ಬಿಟ್ಟ ಮೂರನೇ ದಿನಕ್ಕೆ ಡೈನೊ (ಕಾರಿನ ಪವರ್ ಅಳೆಯುವ ಯಂತ್ರ) ಗ್ರಾಫ್ ಕೈಗಿಟ್ಟ. ಪವರ್ ಗೆರೆ ಜಾರುಬಂಡೆಯ ಹಾಗೆ ನುಣುಪು. ಗಾಳಿ–ಇಂಧನ ಅನುಪಾತದ ಗೆರೆ ಗ್ರಾಫಿನಲ್ಲೇ ಇರಲಿಲ್ಲ. ಕೇಳಿದ್ದಕ್ಕೆ "ಅದೆಲ್ಲ ಇಸಿಯು ನೋಡ್ಕೊಳುತ್ತೆ ಬಿಡಿ ಸಾರ್" ಅಂದ. ಬಿಟ್ಟೆ.

ನಾಲ್ಕು ತಿಂಗಳಾದ ಮೇಲೆ ಐಡ್ಲಿಂಗ್‌ನಲ್ಲಿ ಒಂಥರಾ ಅದುರು ಶುರುವಾಯಿತು. ಬೇರೊಬ್ಬರ ಹತ್ತಿರ ಒಯ್ದೆ. ವಯಸ್ಸಾದವರು, ಮಾತು ಕಡಿಮೆ. ಗಾಡಿ ಓಡಿಸಿ ನೋಡಲೂ ಇಲ್ಲ, ಪ್ಲಗ್ ಬಿಚ್ಚಲು ಕೂತರು. ನನ್ನ ಕಾರಿನಂಥ ಬಾಕ್ಸರ್ (ಸಿಲಿಂಡರುಗಳು ಎದುರುಬದುರು ಮಲಗಿರುವ) ಎಂಜಿನ್ನಿನಲ್ಲಿ ಪ್ಲಗ್ಗುಗಳು ಪಕ್ಕಕ್ಕೆ ಮಲಗಿರುತ್ತವೆ, ಹೆಡ್ಡಿಗೂ ಚಾಸಿಗೂ ನಡುವಿನ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸಿ ಕುರುಡಾಗಿ ಬಿಚ್ಚಬೇಕು. ನಾಲ್ಕನ್ನೂ ಬಟ್ಟೆಯ ಮೇಲೆ ಸಾಲಾಗಿಟ್ಟು ಭೂತಗನ್ನಡಿ ಹಿಡಿದರು. ಮೂರನೆಯದನ್ನು ನನ್ನ ಕಡೆ ಚಾಚಿ, "ಬಿಳಿ ಪಿಂಗಾಣಿ ಮೇಲೆ ನೋಡಿ" ಅಂದರು. ಸಾಸಿವೆಗಿಂತ ಎಷ್ಟೋ ಚಿಕ್ಕ, ಹೊಳೆಯುವ ಚುಕ್ಕೆಗಳು. "ಅದು ನಿಮ್ಮ ಪಿಸ್ಟನ್ನು."

ಅಲ್ಯೂಮಿನಿಯಂ ಕರಗಿ ಹಾರಿ ಪ್ಲಗ್ಗಿಗೆ ಅಂಟಿತ್ತು. ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಅಳೆಯುವ ಕಂಪ್ರೆಷನ್ ಟೆಸ್ಟ್‌ನಲ್ಲಿ ಮೂರು ಸಿಲಿಂಡರ್ 200 ಪಿಎಸ್‌ಐ ಆಸುಪಾಸು ತೋರಿಸಿದರೆ, ಆ ಒಂದು ಮಾತ್ರ 165. ಎಂಜಿನ್ ಇಳಿಸಿದಾಗ ಪಿಸ್ಟನ್ ರಿಂಗ್ ಕೂರುವ ತೋಡಿನ ಅಂಚು ಒಡೆದಿತ್ತು.

ಅವರೇ ಈಗ ನನ್ನ ಟ್ಯೂನರ್. ಅವರನ್ನು ನಂಬಿದ್ದು ಈ ಪತ್ತೇದಾರಿಕೆಗಲ್ಲ, ಮತ್ತೆ ಕಿಟ್ ಕೂರಿಸುವ ಮಾತು ಬಂದಾಗ ಅವರು ಕೇಳಿದ ಪ್ರಶ್ನೆಗಳಿಗೆ. ಗಾಡಿ ಎಷ್ಟು ಕಿಲೋಮೀಟರ್ ಓಡಿದೆ? ಯಾವ ಆಕ್ಟೇನಿನ (ನಾಕ್ ತಡೆಯುವ ಶಕ್ತಿಯ) ಪೆಟ್ರೋಲ್ ಯಾವಾಗಲೂ ಸಿಗುತ್ತೆ, ಸಿಗದ ದಿನ ಏನು ಹಾಕ್ತೀರಿ? ಟ್ರ್ಯಾಕಿಗೆ ಒಯ್ತೀರಾ, ಟ್ರಾಫಿಕ್ಕಲ್ಲಿ ನಿಲ್ಲಿಸ್ತೀರಾ? ಕ್ಲಚ್ ಯಾವ ಕಾಲದ್ದು? ಪವರ್ ಎಷ್ಟು ಬೇಕು ಅನ್ನೋದನ್ನು ಕೇಳಿದ್ದು ಎಲ್ಲಕ್ಕಿಂತ ಕೊನೆಗೆ. ಫೋನಿನಲ್ಲೇ "ಇಷ್ಟು ಹಾರ್ಸ್‌ಪವರ್ ಗ್ಯಾರಂಟಿ" ಅನ್ನುವವರ ಹತ್ತಿರ ನಾನಂತೂ ಕಾರು ಬಿಡುವುದಿಲ್ಲ. ನಿಮ್ಮ ಎಂಜಿನ್ನಿನ ಆರೋಗ್ಯ ಅವರಿಗೆ ಹೇಗೆ ಗೊತ್ತು?

ನೀವು ಕೇಳಬೇಕಾದದ್ದೂ ಇದೆ. ನಿಮ್ಮದೇ ಎಂಜಿನ್ನಿನ, ಅವರೇ ಟ್ಯೂನ್ ಮಾಡಿ ಒಂದು ವರ್ಷವಾದರೂ ಓಡಿರುವ ಕಾರಿನ ಲಾಗ್ ತೋರಿಸಿ ಅನ್ನಿ. ಗ್ರಾಫ್ ಅಲ್ಲ, ಲಾಗ್, ಅಂದರೆ ಓಡುವಾಗ ದಾಖಲಾದ ಅಂಕಿಗಳು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗಾಳಿ–ಇಂಧನ ಅನುಪಾತ ಎಷ್ಟಿದೆ (ಪೆಟ್ರೋಲಿಗೆ ಬೂಸ್ಟಿನಲ್ಲಿ ಸಾಮಾನ್ಯವಾಗಿ 11.5ರಿಂದ 12ರ ನಡುವೆ), ನಾಕ್ ಕೇಳಿ ಇಸಿಯು ಟೈಮಿಂಗ್ ಎಲ್ಲಿ ಹಿಂದೆಳೆದಿದೆ, ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು, ಇಂಜೆಕ್ಟರ್ ತನ್ನ ಶಕ್ತಿಯ ಶೇ. 85 ದಾಟಿ ದುಡಿಯುತ್ತಿದೆಯೇ ಅನ್ನೋದೆಲ್ಲ ಅದರಲ್ಲಿರುತ್ತದೆ. ನಿಮಗೆ ಅರ್ಥವಾಗದಿದ್ದರೂ ಕೇಳಿ, ಅವರು ಕೂತು ವಿವರಿಸುತ್ತಾರೋ ಗೊಣಗುತ್ತಾರೋ ನೋಡಿ. ಟ್ಯೂನ್ ಫೈಲಿಗೆ ಬೀಗ ಹಾಕುತ್ತಾರಾ, ಆಮೇಲೆ ಬೇರೆಯವರು ತೆರೆಯಬಹುದಾ ಅಂತಲೂ ಮೊದಲೇ ಕೇಳಿಕೊಳ್ಳಿ.

ಡೈನೊ ಅಂಕಿಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಕಾರು ಎರಡು ಕಂಪನಿಯ ಡೈನೊಗಳ ಮೇಲೆ ಎರಡು ಅಂಕಿ ತೋರಿಸುತ್ತದೆ. ಹವಾಮಾನದ ತಿದ್ದುಪಡಿ ಬದಲಿಸಿದರೆ ಕೂತಲ್ಲೇ ಪವರ್ ಏರುತ್ತದೆ. ಒಂದೇ ಡೈನೊ, ಒಂದೇ ಗೇರ್, ಕೂರಿಸುವ ಮೊದಲು ಮತ್ತು ಆಮೇಲೆ. ಬೇರೆ ಹೋಲಿಕೆ ಬೇಡ.

ಇನ್ನು ಕಿಟ್. ಟ್ಯೂನರ್ ಸಿಕ್ಕ ಮೇಲೆ ಇದು ಮುಕ್ಕಾಲು ಪಾಲು ಅವರೇ ಬಗೆಹರಿಸುವ ವಿಷಯ, ಯಾಕಂದರೆ ತಾವು ಹತ್ತು ಸಲ ಕೂರಿಸಿದ ಕಿಟ್ಟಿನ ದೋಷಗಳೆಲ್ಲ ಅವರಿಗೆ ಬಾಯಿಪಾಠ. ಸೂಪರ್‌ಚಾರ್ಜರಿನಲ್ಲಿ ಎರಡು ಬಗೆ ನೋಡಿ: ಜೋಡಿ ರೋಟರ್ ಗಾಳಿ ತಳ್ಳುವ ರೂಟ್ಸ್ ಮಾದರಿಯದ್ದು ಕೆಳಗಿನ ಆರ್‌ಪಿಎಮ್‌ನಿಂದಲೇ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ) ಬೂಸ್ಟ್ ಕೊಡುತ್ತದೆ, ಫ್ಯಾನಿನ ಹಾಗೆ ಗಾಳಿ ಎಸೆಯುವ ಸೆಂಟ್ರಿಫ್ಯೂಗಲ್ ಆರ್‌ಪಿಎಮ್ ಮೇಲೇರಿದಂತೆ ಕೊಡುತ್ತದೆ. ನನ್ನ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಅಷ್ಟು ಗಟ್ಟಿಯಲ್ಲ, ಕೆಳಗಿನ ಆರ್‌ಪಿಎಮ್‌ನಲ್ಲಿ ಒಮ್ಮೆಲೇ ಟಾರ್ಕ್ (ತಿರುಗಿಸುವ ಬಲ) ಬಂದರೆ ಬಾಗುವುದು ಅದೇ. ಹಾಗಾಗಿ ಎರಡನೇ ಸಲ ಸೆಂಟ್ರಿಫ್ಯೂಗಲ್ ಕೂರಿಸಿದೆವು.

ಮಾರುವವರನ್ನು ಪರೀಕ್ಷಿಸಲು ನನ್ನದೊಂದು ಸಣ್ಣ ಉಪಾಯ ಇದೆ. ಕಿಟ್ ಬಗ್ಗೆ ಕೇಳುವುದೇ ಇಲ್ಲ, ಅದರ ಬೆಲ್ಟ್ ಕೇಳುತ್ತೇನೆ. "ಬೆಲ್ಟ್ ನಂಬರ್ ಏನು? ಟೆನ್ಷನರ್ ಬೇರಿಂಗ್ ಬಿಡಿಯಾಗಿ ಸಿಗುತ್ತಾ?" ನಿಜವಾಗಿ ಸರಕು ಗೊತ್ತಿರುವವರು 6ಪಿಕೆ1750 ಎಂಬಂಥ ನಂಬರನ್ನು ತಕ್ಷಣ ಕೊಡುತ್ತಾರೆ, ಅಂದರೆ 6 ಏಣು, 1750 ಮಿ.ಮೀ. ಉದ್ದ. "ಕಿಟ್ ತಗೊಂಡ್ಮೇಲೆ ನೋಡೋಣ" ಅನ್ನುವವರು ಪೆಟ್ಟಿಗೆ ಮಾರುವವರು. ಇಂಜೆಕ್ಟರ್ ಮತ್ತು ಪೆಟ್ರೋಲ್ ಪಂಪಿನಲ್ಲಿ ನಕಲಿ ಹಾವಳಿ ಇದೆ, ಆದ್ದರಿಂದ ತಯಾರಕರು ತಮ್ಮ ಅಧಿಕೃತ ಮಾರಾಟಗಾರರೆಂದು ಹೇಳಿರುವವರಿಂದ ಮಾತ್ರ ತರಿಸಿ. ಇಂಜೆಕ್ಟರ್ ಜೊತೆ ಒಂದೊಂದರ ಹರಿವು ಅಳೆದ ಹಾಳೆ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿ. ಗರಗರ ಅಂದರೆ, ಶಾಫ್ಟ್ ಅಲ್ಲಾಡಿದರೆ ಅಲ್ಲೇ ಬಿಟ್ಟು ಬನ್ನಿ.

ಪುಲ್ಲಿ ಅಂದಾಗ ನೆನಪಾಯಿತು. ಎಲ್ಲ ಮುಗಿದ ಮೇಲೆ "ಸ್ವಲ್ಪ ಚಿಕ್ಕ ಪುಲ್ಲಿ ಹಾಕ್ಬಿಡೋಣ" ಅನ್ನುವ ಆಸೆ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಚಾರ್ಜರಿನದು 75 ಅಂದುಕೊಳ್ಳಿ, 7400 ಆರ್‌ಪಿಎಮ್‌ಗೆ ಅದು 14,800 ಸುತ್ತು ತಿರುಗುತ್ತದೆ. 70ರದು ಹಾಕಿದರೆ 15,850 ದಾಟಿತು. ಬೂಸ್ಟ್ ಏರುತ್ತದೆ, ಬಿಸಿ ಅದಕ್ಕಿಂತ ಜೋರಾಗಿ ಏರುತ್ತದೆ, ಬೆಲ್ಟ್ ಜಾರಲು ಶುರುವಾಗುತ್ತದೆ, ಮಾಡಿದ ಟ್ಯೂನ್ ಕೆಲಸಕ್ಕೆ ಬರುವುದಿಲ್ಲ. ನಮ್ಮ ಟ್ಯೂನರ್ ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಈ ಜಗಳ ಹೊಸದೂ ಅಲ್ಲ: ನಾಲ್ಕೂವರೆ ಲೀಟರಿನ ಬೆಂಟ್ಲಿ ಕಾರಿಗೆ ಬ್ಲೋವರ್ (ಅಂದರೆ ಸೂಪರ್‌ಚಾರ್ಜರ್) ಕೂರಿಸುವುದಕ್ಕೆ ಕಂಪನಿ ಕಟ್ಟಿದ ಡಬ್ಲ್ಯು. ಓ. ಬೆಂಟ್ಲಿಯವರೇ ಒಪ್ಪಿರಲಿಲ್ಲ. 1930ರ ಲೆ ಮಾನ್ಸ್ ರೇಸಿನಲ್ಲಿ ಬ್ಲೋವರ್ ಕಾರುಗಳು ಅರ್ಧದಲ್ಲೇ ನಿಂತವು, ಗೆದ್ದದ್ದು ಬ್ಲೋವರ್ ಇಲ್ಲದ ದೊಡ್ಡ ಎಂಜಿನ್ನಿನ ಬೆಂಟ್ಲಿ.

"ಅದೆಲ್ಲ ಸರಿ, ನಿಮ್ಮ ಟ್ಯೂನರ್ ನಂಬರ್ ಕೊಡಿ" ಅನ್ನುತ್ತೀರಿ, ಗೊತ್ತು. ಕೊಡುತ್ತೇನೆ. ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಎಷ್ಟು ಸಿಲಿಂಡರೋ ಅಷ್ಟೂ ಅಂಕಿ ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಅವರು ಫೋನ್ ಎತ್ತಿದ ಕೂಡಲೇ ಕೇಳುವುದು ಅದನ್ನೇ.